ಬೆಳಕಿಗೆ ಹೆದರದ ಹುಳು

ಕರಿಗುಡ್ಡದ ಅಮೋನಿಯಾ ಕಾರ್ಖಾನೆಯಲ್ಲಿ ಶಿವಲೀಲಾಳ ಕೆಲಸವೆಂದರೆ ಜನರನ್ನು ಹೆದರಿಸುವುದು. ನೇಮಕಾತಿ ಆದೇಶದಲ್ಲಿ ಅದಕ್ಕೆ ಸುರಕ್ಷತಾ ಅಧಿಕಾರಿ ಎಂಬ ಹೆಸರಿತ್ತು, ಅಷ್ಟೇ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಅವಳು ಮೊದಲ ದಿನವೇ ದೊಡ್ಡ ಟ್ಯಾಂಕಿನ ಬುಡಕ್ಕೆ ಕರೆದೊಯ್ದು ನಿಲ್ಲಿಸುತ್ತಿದ್ದಳು. ಮಂಜುಗಡ್ಡೆಗಿಂತ ತಣ್ಣಗಿನ ದ್ರವ ಇದರೊಳಗಿದೆ, ಹೊರಬಿದ್ದರೆ ಬಿಳಿ ಮೋಡವಾಗಿ ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ, ಮೈಯಲ್ಲಿ ಎಲ್ಲೆಲ್ಲಿ ನೀರಿನ ಪಸೆ ಇದೆಯೋ ಅಲ್ಲೆಲ್ಲ ಹೊಕ್ಕು ಸುಡುತ್ತದೆ, ಕಣ್ಣು ಮೊದಲು, ಆಮೇಲೆ ಗಂಟಲು, ಆಮೇಲೆ ಶ್ವಾಸಕೋಶ ಎಂದು ಮೆಲುದನಿಯಲ್ಲಿ ಹೇಳುತ್ತಿದ್ದಳು. ಕೇಳುವವರು ಉಗುಳು ನುಂಗಿದರೆ ಅವಳಿಗೆ ಸಮಾಧಾನ. ಉಗುಳು ನುಂಗಿದವನು ಮುಖವಾಡ ಮರೆಯುವುದಿಲ್ಲ ಎಂಬುದು ಅವಳ ಅನುಭವ.

ಕಾರ್ಖಾನೆಯ ಪೂರ್ವಕ್ಕೆ ಕಾಲನಿ. ಉತ್ತರಕ್ಕೆ ಎತ್ತರದ ಕಾಲುವೆ ಏರಿ. ಉಳಿದ ಕಡೆಯೆಲ್ಲ ಕಲ್ಲು, ಜಾಲಿ, ಬಿಸಿಲು. ಬಿಸಿಲಿನಿಂದಲೇ ವಿದ್ಯುತ್ ತೆಗೆದು, ಅದರಿಂದ ಅಮೋನಿಯಾ ಮಾಡಿ ಹಡಗುಗಳಿಗೆ ಇಂಧನವಾಗಿ ಕಳಿಸುವ ಕಾಲ ಬಂದಿತ್ತು. ಹಾಗಾಗಿ ಯಾರಿಗೂ ಬೇಡವಾಗಿದ್ದ ಆ ಬಯಲಿಗೆ ಶಾಲೆ, ಕ್ಲಬ್ಬು, ಸಾಲು ಮನೆಗಳು ಬಂದಿದ್ದವು. ಬಾರದೇ ಇದ್ದದ್ದು ಹಸಿರು ಮಾತ್ರ. ಕೊನೆಗೆ ಆಡಳಿತದವರು ಮನೆಮನೆಗೂ ಎರೆಹುಳು ಕೊಡಿಸಿ, ಅಡುಗೆಮನೆಯ ಕಸದಿಂದ ಗೊಬ್ಬರ ಮಾಡಿಸಿ, ಹಿತ್ತಲಲ್ಲಿ ತೋಟ ಎಬ್ಬಿಸಬೇಕೆಂದು ತೀರ್ಮಾನಿಸಿದರು.

ಸಾಮಾನ್ಯ ಎರೆಹುಳು ಆ ಬಿಸಿಲಲ್ಲಿ ವಾರವೂ ಬಾಳುತ್ತಿರಲಿಲ್ಲ. ಇವು ಬೇರೆ ತಳಿ. ಹುಳು ಸಾಯುವುದು ಬಿಸಿಲಿನಿಂದಲ್ಲ, ಗಾಬರಿಯಿಂದ ಎಂದು ಕ್ಲಬ್ಬಿಗೆ ಬಂದಿದ್ದ, ಹುಳು ಪೂರೈಸಿದ ಬೀಜದ ಕಂಪನಿಯವನು ವಿವರಿಸಿದ. ಮಣ್ಣು ಕಾದರೆ ಹುಳು ತಿನ್ನುವುದನ್ನು ಬಿಟ್ಟು ಓಡಲು ಜಾಗ ಹುಡುಕುತ್ತದೆ, ಒದ್ದಾಡಿ ಒಣಗುತ್ತದೆ. ಈ ತಳಿಯ ಕರುಳಿನಲ್ಲಿ ಒಂದು ಮಣ್ಣಿನ ಬ್ಯಾಕ್ಟೀರಿಯಾವನ್ನು ನೆಲೆಗೊಳಿಸಿದ್ದಾರೆ. ಅದು ಒಸರುವ ರಸ ಹುಳುವಿನ ನರಗಳನ್ನು ತಣ್ಣಗಿಡುತ್ತದೆ. "ಏನೇ ಆದ್ರೂ ಇವಕ್ಕೆ ಚಿಂತೆ ಇಲ್ಲ, ತಿಂತಾ ಇರ್ತವೆ" ಎಂದ. ಜನ ನಕ್ಕರು. ಶಿವಲೀಲಾಳೂ ನಕ್ಕಳು.

ಅವಳ ಗಂಡ ಪಂಪಾಪತಿ ಕಾಲನಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ. ಕೈಗೆ ಏನಾದರೊಂದು ಕೆಲಸ ಬೇಕಾದ ಮನುಷ್ಯ. ಭಾನುವಾರ ಹಳೆಯ ನೀಲಿ ಡ್ರಮ್ಮನ್ನು ಅಡ್ಡಕ್ಕೆ ಕೊಯ್ದು, ತಳಕ್ಕೆ ತೂತು ಕೊರೆದು, ಇರುವೆ ಹತ್ತದಂತೆ ನೀರಿನ ಬಟ್ಟಲಲ್ಲಿಟ್ಟ ಇಟ್ಟಿಗೆಗಳ ಮೇಲೆ ಬೇವಿನ ನೆರಳಲ್ಲಿ ಕೂರಿಸಿದ. ತೆಂಗಿನ ನಾರು, ಹರಿದ ದಿನಪತ್ರಿಕೆ ನೆನೆಸಿ ಹಿಂಡಿ ಹಾಸಿದ. ಆರು ವರ್ಷದ ಮಗಳು ತುಂಗಾ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ತಾನೂ ಹಿಂಡಿದಳು.

"ಮುಷ್ಟಿಯೊಳಗ ಹಿಡದು ಹಿಂಡಿದ್ರ ಒಂದೆರಡು ಹನಿ ಬೀಳಬೇಕು, ಧಾರಿ ಇಳೀಬಾರದು" ಎಂದು ಅವನು ಮಗಳಿಗೆ ತೋರಿಸಿದ. ಹಳೆಯ ಸಗಣಿ ಒಂದಿಷ್ಟು ಉದುರಿಸುತ್ತ ಹೆಂಡತಿಯತ್ತ ತಿರುಗಿದ. "ಹಸಿ ಸಗಣಿ ಹಾಕಬಾರದಂತ. ಅದರಾಗಿಂದ ಅಮೋನಿಯಾ ಏಳ್ತೈತಿ, ಹುಳ ಸಾಯ್ತಾವ. ನಿಮ್ಮ ಕಾರ್ಖಾನಿ ಮಾಲು ಇವಕ್ಕ ಆಗಿಬರಂಗಿಲ್ಲ ನೋಡು."

ಹುಳುಗಳನ್ನು ಬಿಟ್ಟು ಹಸಿ ಗೋಣಿಚೀಲ ಹೊದಿಸಿದರು. ಕೆಲವು ದಿನ ಮುಟ್ಟಲಿಲ್ಲ. ಆಮೇಲೆ ಹೀರೆಕಾಯಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಚಹಾದ ಚರಟ ಒಂದು ಮೂಲೆಯಲ್ಲಿ ಹುಗಿಯತೊಡಗಿದರು. ನಿಂಬೆ, ಮೆಣಸಿನಕಾಯಿ, ಎಣ್ಣೆ ಪದಾರ್ಥ ಹಾಕುವಂತಿರಲಿಲ್ಲ. ದೀಪಾವಳಿಯ ಹೊತ್ತಿಗೆ ಡ್ರಮ್ಮಿನಲ್ಲಿ ಕಪ್ಪಗೆ, ಉದುರುದುರಾಗಿ, ಮಳೆ ಬಿದ್ದ ನೆಲದ ವಾಸನೆಯ ಗೊಬ್ಬರವಿತ್ತು. ಕರಿಗುಡ್ಡದ ಜನ ಮೊದಲ ಬಾರಿಗೆ ತಮ್ಮ ಹಿತ್ತಲಿನ ಬೆಂಡೆಕಾಯಿ ಕೊಯ್ದರು. ಸಂಜೆ ಯಾರ ಮನೆಗೆ ಹೋದರೂ ಎರೆಹುಳುವಿನದೇ ಮಾತು.

ಶಿವಲೀಲಾ ಮಾತ್ರ ತೋಟಕ್ಕೆ ಕೈ ಹಾಕಲಿಲ್ಲ. ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು, ಅದು ಕ್ಷಯವೆಂದು ತಿಳಿದು, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗುತ್ತಿದ್ದಳು. ಗುಳಿಗೆಯಿಂದ ಸುಸ್ತು. ಅವಳು ವೆರಾಂಡಾದ ಕುರ್ಚಿಯಲ್ಲಿ ಕೂತು ಗಂಡ, ಮಗಳು ಮಣ್ಣಲ್ಲಿ ಆಡುವುದನ್ನು ನೋಡುತ್ತಿದ್ದಳು.

*

ಏನೋ ಸರಿಯಿಲ್ಲವೆಂದು ಅವಳಿಗೆ ಮೊದಲು ಅನ್ನಿಸಿದ್ದು ಕಾರ್ಖಾನೆಯ ಅಣಕು ಕವಾಯತಿನ ದಿನ. ಸೈರನ್ ಕೂಗಿದರೆ ಹಿಂದೆಲ್ಲ ಜನ ಚಪ್ಪಲಿ ಬಿಟ್ಟು ಓಡುತ್ತಿದ್ದರು. ಅಣಕು ಎಂದು ಗೊತ್ತಿದ್ದರೂ ಆ ಕೂಗು ಕಾಲನ್ನು ಓಡಿಸುತ್ತಿತ್ತು. ಈ ಸಲ ಅವರು ನಡೆದು ಬಂದರು. ಕೆಲವರ ಕೈಯಲ್ಲಿ ಚಹಾದ ಲೋಟವಿತ್ತು. ಇಬ್ಬರು ಟೊಮೇಟೊ ಸಸಿಯ ಬಗ್ಗೆ ಮಾತಾಡುತ್ತಿದ್ದರು.

ಅವಳು ಸಿಟ್ಟಿನಿಂದ ನಿಯಂತ್ರಣ ಕೊಠಡಿಗೆ ಹೋದಳು. ಪಾಳಿಯ ಮುಖ್ಯಸ್ಥ ಅಯ್ಯಣ್ಣ ಪರದೆಗಳ ಮುಂದೆ ಕೂತಿದ್ದ. ಕಾರ್ಖಾನೆ ಶುರುವಾದಂದಿನಿಂದ ಇದ್ದವನು. ಒಂದು ಅಂಕಿ ಅತ್ತಿತ್ತ ಆದರೂ ಕುರ್ಚಿಯ ತುದಿಗೆ ಬರುತ್ತಿದ್ದ ಮನುಷ್ಯ. ಪರದೆಯ ಮೂಲೆಯಲ್ಲಿ ಕೆಂಪು ದೀಪವೊಂದು ಮಿನುಗುತ್ತಿತ್ತು.

"ಅದೇನದು?" ಎಂದಳು.

"ಟ್ಯಾಂಕಿನಿಂದ ಬರೋ ಪೈಪಿನ ಜಾಯಿಂಟ್ರಿ ಮೇಡಂ. ಒಳಗಿನ ವಾಷರ್ ಸಡಲ ಆಗೈತಿ. ಸ್ವಲ್ಪ ಸ್ವಲ್ಪ ಗ್ಯಾಸ್ ಬರ್ತೈತಿ."

"ಎಷ್ಟೊತ್ತಿನಿಂದ?"

"ಹೋದ ವಾರದಿಂದ."

ಶಿವಲೀಲಾ ಪರದೆಯ ಹತ್ತಿರಕ್ಕೆ ಬಾಗಿದಳು. "ಹೋದ ವಾರದಿಂದ ಗ್ಯಾಸ್ ಬರಾಕತ್ತೈತಿ, ನೀವು ನೋಡಿಕೋತ ಕುಂತೀರಿ?"

"ರಿಪೇರಿಗಿ ಹೇಳೀನ್ರಿ. ಮಾಡ್ತಾರ" ಎಂದ ಅಯ್ಯಣ್ಣ. ಅವನ ದನಿಯಲ್ಲಿ ಉಡಾಫೆ ಇರಲಿಲ್ಲ. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸಿದ. ಆ ಜಾಯಿಂಟ್ ಪೂರ್ತಿ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದಾಗ, ಗಾಳಿ ಪಶ್ಚಿಮದಿಂದಿದ್ದರೆ ಮೋಡ ನೇರ ಕಾಲನಿಗೆ ಹೋಗುತ್ತದೆ ಎಂಬುದನ್ನೂ ಹೇಳಿದ. ನಾಳಿನ ಊಟಕ್ಕೆ ಏನು ಮಾಡುತ್ತಾರೆಂದು ಹೇಳುವ ಹಾಗೆ ಹೇಳಿದ.

ಅವಳು ಅಲ್ಲೇ ನಿಂತು ರಿಪೇರಿಯವರನ್ನು ಕರೆಸಿ, ಜಾಯಿಂಟನ್ನು ಬಿಗಿ ಮಾಡಿಸಿದಳು. ಅವರೂ ಮುಖವಾಡವಿಲ್ಲದೆ ಬಂದಿದ್ದರು. ಹೊಸ ವಾಷರ್ ಉಗ್ರಾಣದಲ್ಲಿ ಇರಲಿಲ್ಲ, ಹಾಗಾಗಿ ದೀಪ ಆಗಾಗ ಮಿನುಗುತ್ತಲೇ ಇತ್ತು.

ಮನೆಗೆ ಬಂದರೆ ಪಂಪಾಪತಿ ಹಿತ್ತಲಲ್ಲಿ ಬೆಂಡೆಕಾಯಿ ಕೊಯ್ಯುತ್ತಿದ್ದ. ತುಂಗಾ ಕಾಣಲಿಲ್ಲ. "ಮಗಳೆಲ್ಲಿ?" ಎಂದಾಗ ಅವನು ಕತ್ತೆತ್ತಿ ಮೇಲೆ ನೋಡಿದ. ಮಾಳಿಗೆಯ ಅಂಚಿನ ಗೋಡೆಯ ಮೇಲೆ, ಕಾಲು ಹೊರಗೆ ಇಳಿಬಿಟ್ಟು, ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಮಗು ಕೂತಿತ್ತು. ಕೆಳಗೆ ಬಟ್ಟೆ ಒಗೆಯುವ ಕಲ್ಲು.

ಶಿವಲೀಲಾ ಕೂಗಲಿಲ್ಲ. ಕೂಗಿದರೆ ಮಗು ಬೆಚ್ಚೀತೆಂದು ಬಾಯಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿ, ಹಿಂದಿನಿಂದ ಅವಳ ನಡು ಹಿಡಿದು ಒಳಗೆಳೆದುಕೊಂಡಳು. ತುಂಗಾ ಬೆಚ್ಚಲಿಲ್ಲ. ತಾಯಿಯ ಮುಖ ನೋಡಿ, "ನೀ ಯಾಕ ನಡಗಾಕತ್ತಿ?" ಎಂದು ಕೇಳಿದಳು. ಹೋದ ವರ್ಷ ಇದೇ ಮಗು ಗುಡುಗಿಗೆ ಮಂಚದ ಕೆಳಗೆ ಹೊಕ್ಕಿತ್ತು.

ಕೆಳಗಿಳಿದು ಅವಳು ಗಂಡನ ಎದುರು ನಿಂತಳು. "ಆಕಿ ಅಲ್ಲಿ ಕುಂತದ್ದು ನೀವು ನೋಡಿದ್ರಿ."

"ನೋಡಿದ್ದೆ."

"ಬಿದ್ದಿದ್ರ?"

"ಬಿದ್ರ ತಲಿಗಿ ಪೆಟ್ಟಾಗ್ತಿತ್ತು" ಎಂದ ಪಂಪಾಪತಿ, ತುಸು ಯೋಚಿಸಿ. "ಸಾಯಬಹುದಿತ್ತು." ಅವನ ಮುಖದಲ್ಲಿ ಮಗಳ ಮೇಲಿನ ಪ್ರೀತಿ ಹಾಗೇ ಇತ್ತು. ಸಂಜೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಂಡೆಕಾಯಿ ತುದಿ ಮುರಿಯುವುದನ್ನು ಹೇಳಿಕೊಟ್ಟ. ಇಬ್ಬರೂ ನಗುತ್ತಿದ್ದರು. ಶಿವಲೀಲಾ ಬಾಗಿಲಲ್ಲಿ ನಿಂತು ನೋಡಿದಳು. ತನ್ನ ಮನೆಯೊಳಗೆ ತಾನೊಬ್ಬಳೇ ಇದ್ದೇನೆಂಬ ಭಾವ ಅವಳಿಗೆ ಬಂತು.

ಮಾರನೆಯ ಬೆಳಿಗ್ಗೆ ಅವಳು ಡ್ರಮ್ಮಿನ ಗೋಣಿಚೀಲ ಎತ್ತಿದಳು. ಬಿಸಿಲು ನೇರವಾಗಿ ಒಳಗೆ ಬಿತ್ತು. ಚಿಕ್ಕಂದಿನಲ್ಲಿ ಮೀನು ಹಿಡಿಯಲು ಅಪ್ಪನೊಂದಿಗೆ ಹುಳು ಅಗೆದವಳು ಅವಳು. ಬೆಳಕು ಬಿದ್ದೊಡನೆ ಎರೆಹುಳು ಹೇಗೆ ಮುದುಡಿ ಮಣ್ಣಿಗಿಳಿಯುತ್ತದೆಂದು ಗೊತ್ತಿತ್ತು. ಇವು ಇಳಿಯಲಿಲ್ಲ. ಕೆಂಪಗೆ, ಮಿಣಮಿಣ ಹೊಳೆಯುತ್ತ ಮೇಲೆಯೇ ಮಲಗಿದ್ದವು. ಬೆರಳು ತಾಗಿಸಿದರೂ ಸರಿಯಲಿಲ್ಲ. ಗೋಡೆಯ ಮೇಲಿಂದ ಕಾಗೆಯೊಂದು ಇಳಿದು ಡ್ರಮ್ಮಿನ ಅಂಚಿನಲ್ಲಿ ಕೂತು ಒಂದನ್ನು ಹೆಕ್ಕಿತು. ಅದರ ಪಕ್ಕದ ಹುಳು ಬಾಳೆಸಿಪ್ಪೆ ತಿನ್ನುತ್ತಲೇ ಇತ್ತು.

*

ಜಿಲ್ಲಾ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಪ್ರಯೋಗಾಲಯ ನಡೆಸುತ್ತಿದ್ದ ಡಾಕ್ಟರ್ ಫರ್ಹಾನಾ ಶಿವಲೀಲಾಳ ಕಾಲೇಜಿನ ಗೆಳತಿ. ಶಿವಲೀಲಾ ತಂದಿದ್ದ ಹುಳು, ಗೊಬ್ಬರದ ಡಬ್ಬಿ ತೆರೆಯುವ ಮೊದಲೇ ಕತೆಯೆಲ್ಲ ಕೇಳಿ, ಎರಡು ಜೊತೆ ಕೈಗವಸು, ಮುಖವಾಡ ಹಾಕಿಕೊಂಡಳು.

"ನೀ ಹೇಳಿದ್ದು ನಿಜ ಇದ್ರ, ನನಗಿರೋ ಹೆದರಿಕಿ ನಾನು ಉಳಿಸಿಕೋಬೇಕಲ್ಲ" ಎಂದಳು.

ಕೆಲವು ವಾರಗಳ ನಂತರ ಅವಳು ಶಿವಲೀಲಾಳನ್ನು ಕರೆಸಿ ಎರಡು ಪಂಜರ ತೋರಿಸಿದಳು. ಒಂದರಲ್ಲಿದ್ದ ಇಲಿಗಳಿಗೆ ಮರದ ಪುಡಿ ಹಾಸಿತ್ತು, ಇನ್ನೊಂದರಲ್ಲಿದ್ದವಕ್ಕೆ ಕರಿಗುಡ್ಡದ ಗೊಬ್ಬರ. ಬೆಕ್ಕು ಮಲಗಿದ್ದ ಬಟ್ಟೆಯ ಚೂರನ್ನು ಎರಡರೊಳಗೂ ಇಳಿಬಿಟ್ಟಳು. ಮೊದಲ ಪಂಜರದ ಇಲಿಗಳು ಮೂಲೆಗೆ ಒತ್ತಿಕೊಂಡು ಒಂದರ ಮೇಲೊಂದು ಹತ್ತಿದವು. ಎರಡನೆಯದರಲ್ಲಿ ಒಂದು ಇಲಿ ನಿಧಾನಕ್ಕೆ ಬಂದು ಬಟ್ಟೆಯನ್ನು ಮೂಸಿ, ಅದರ ಮೇಲೆಯೇ ಮಲಗಿತು.

"ಗೊಬ್ಬರ ಕೆದಕಿದಾಗ ದೂಳು ಏಳ್ತೈತಿ. ಅದರ ಜೊತಿ ಈ ಬ್ಯಾಕ್ಟೀರಿಯಾ ಮೂಗಿನಾಗ, ಹೊಟ್ಟಿಯಾಗ ಹೋಗಿ ಅಲ್ಲೇ ಮನಿ ಮಾಡ್ತೈತಿ. ಹುಳಕ್ಕ ಏನು ಮಾಡ್ತೈತಿ, ನಮಗೂ ಅದನ್ನೇ ಮಾಡ್ತೈತಿ" ಎಂದಳು ಫರ್ಹಾನಾ. "ಬುದ್ಧಿಗಿ ಏನೂ ಆಗಂಗಿಲ್ಲ. ನೆನಪು, ಪ್ರೀತಿ, ಆಸೆ ಎಲ್ಲಾ ಹಂಗೇ ಇರ್ತೈತಿ. ಹೆದರಿಕಿ ಅನ್ನೋದು ಮಾತ್ರ ಆರ್ತೈತಿ. ಬೆಂಕಿ ಸುಡ್ತೈತಿ ಅಂತ ಗೊತ್ತಿರ್ತೈತಿ, ಕೈ ಹಿಂದಕ್ಕ ಬರಂಗಿಲ್ಲ."

"ನನಗ್ಯಾಕ ಏನೂ ಆಗಿಲ್ಲ? ನಾನೂ ಅದೇ ಮನ್ಯಾಗ ಇದ್ದೀನಿ."

"ನೀನು ಕ್ಷಯದ ಗುಳಿಗಿ ತಗೋತಿ. ಈ ಬ್ಯಾಕ್ಟೀರಿಯಾ ಕ್ಷಯದ ರೋಗಾಣುವಿನ ದೂರದ ಸಂಬಂಧಿ. ದಿನಾ ಬೆಳಿಗ್ಗೆ ನೀನು ಅದನ್ನ ಕೊಲ್ಲಾಕತ್ತಿ." ಫರ್ಹಾನಾ ಕೈಗವಸು ಕಳಚಿ, ಸಾಬೂನಿನಿಂದ ಮೊಣಕೈವರೆಗೆ ತೊಳೆದುಕೊಂಡಳು. "ಆ ಗುಳಿಗಿ ಕೊಟ್ರ ಬ್ಯಾರೆಯವರಿಗೂ ಹೆದರಿಕಿ ವಾಪಸ್ ಬರಬಹುದು. ಆದ್ರ ಟೈಮ್ ಹಿಡೀತೈತಿ. ಮಣ್ಣಿನಿಂದ ದೂರನೂ ಇರಬೇಕು. ಮತ್ತ, ಅವರು ತಗೊಳಾಕ ಒಪ್ಪಬೇಕು."

ಮಕ್ಕಳ ವೈದ್ಯರೊಬ್ಬರನ್ನು ಕಂಡು, ತುಂಗಾಳಿಗೆ ಆಗುವ ಪ್ರಮಾಣದ ಗುಳಿಗೆ ಬರೆಸಿಕೊಂಡು ಶಿವಲೀಲಾ ಬಸ್ಸು ಹತ್ತಿದಳು.

ಕಾರ್ಖಾನೆಯ ಮುಖ್ಯಸ್ಥ ಸತ್ಯಮೂರ್ತಿ ಮೈಸೂರು ಕಡೆಯವರು, ಸಜ್ಜನ. ಅವರ ಕೊಠಡಿಯ ಕಿಟಕಿಯಲ್ಲೂ ಎರೆಗೊಬ್ಬರ ತುಂಬಿದ ಕುಂಡಗಳಿದ್ದವು. ಫರ್ಹಾನಾಳ ವರದಿಯನ್ನು ಅವರು ಪೂರ್ತಿ ಓದಿದರು. ಇಲಿಗಳ ಬಗ್ಗೆ ಜಾಣತನದ ಪ್ರಶ್ನೆಯೊಂದನ್ನೂ ಕೇಳಿದರು.

"ಹಾಗಾದ್ರೆ ನನಗೂ ಇದು ಆಗಿದೆ" ಎಂದರು. "ಈಗ ನೀವು ಹೇಳಿದ ಮೇಲೆ ಗೊತ್ತಾಗ್ತಿದೆ. ಮೊನ್ನೆ ಕಾರು ಲಾರಿಗೆ ಇನ್ನೇನು ತಗುಲಬೇಕಿತ್ತು. ನನಗೆ ಏನೂ ಅನ್ನಿಸಲಿಲ್ಲ."

"ಸಾರ್, ಕಾರ್ಖಾನೆ ನಿಲ್ಲಿಸ್ರಿ. ಟ್ಯಾಂಕ್ ಖಾಲಿ ಮಾಡಿಸ್ರಿ. ಇಲ್ಲಿ ಒಬ್ಬರಿಗೂ ಹೆದರಿಕಿ ಇಲ್ಲ. ಏನಾದ್ರೂ ಆದ್ರ ಯಾರೂ ಓಡಂಗಿಲ್ಲ."

"ನಿಲ್ಲಿಸಬೇಕು. ನೀವು ಹೇಳೋದು ನೂರಕ್ಕೆ ನೂರು ಸರಿ. ಆ ಜಾಯಿಂಟ್ ಹೋದರೆ ನಾನೂ ಸಾಯ್ತೀನಿ, ನನ್ನ ಹೆಂಡತಿನೂ ಸಾಯ್ತಾಳೆ." ಅವರು ವರದಿಯನ್ನು ಮಡಚಿ ಮೇಜಿನ ಮೇಲಿಟ್ಟರು. "ಮುಂದಿನ ತಿಂಗಳು ಹೇಗೂ ವಾರ್ಷಿಕ ರಿಪೇರಿ ಇದೆ. ಆಗ ಎಲ್ಲ ಒಟ್ಟಿಗೆ ನೋಡೋಣ. ಚಹಾ ತಗೊಳ್ಳಿ."

ಶಿವಲೀಲಾಳಿಗೆ ವಾದ ಮಾಡಲು ಎದುರಿಗೆ ವಿರೋಧವೇ ಇರಲಿಲ್ಲ. ಅವರು ಎಲ್ಲವನ್ನೂ ಒಪ್ಪಿದ್ದರು. ಅವಳ ಇಷ್ಟು ವರ್ಷಗಳ ಕಸುಬಿಗೆ ಇಲ್ಲಿ ಹಿಡಿಯಲು ಜಾಗವೇ ಸಿಗಲಿಲ್ಲ. ಆ ದಿನವೇ ಅವಳು ದೂರದ ಮುಖ್ಯ ಕಚೇರಿಗೆ ಬರೆದಳು. ವಿಷಯ ಗಮನಕ್ಕೆ ಬಂದಿದೆ, ತಂಡವೊಂದು ಮುಂದಿನ ತಿಂಗಳು ಭೇಟಿ ಕೊಡಲಿದೆ ಎಂದು ಉತ್ತರ ಬಂತು. ಅಲ್ಲಿ ಯಾರ ಮನೆಯಲ್ಲೂ ಎರೆಹುಳು ಇರಲಿಲ್ಲ.

ತುಂಗಾಳಿಗೆ ಗುಳಿಗೆ ಶುರುವಾಯಿತು. ಬಾಳೆಹಣ್ಣಿನ ಚೂರಿನಲ್ಲಿಟ್ಟು ಕೊಟ್ಟರೆ ಮರುಮಾತಿಲ್ಲದೆ ನುಂಗುತ್ತಿದ್ದಳು. ಪಂಪಾಪತಿಗೂ ಎಲ್ಲ ವಿವರಿಸಿದಳು. ಅವನು ಗಮನವಿಟ್ಟು ಕೇಳಿ, "ಪಾಪ, ನಿನಗೊಬ್ಬಾಕಿಗೇ ಎಷ್ಟು ಕಷ್ಟ ಆಗಾಕತ್ತೈತಿ" ಎಂದು ಅವಳ ತಲೆ ಸವರಿದ. ಗುಳಿಗೆಯನ್ನು ಮಾತ್ರ ಮುಂದಕ್ಕೆ ಹಾಕಿದ. ಭಾನುವಾರ ಮೂವರೂ ಗಂಗಾವತಿಯ ಅಕ್ಕನ ಮನೆಗೆ ಹೋಗಿಬಿಡೋಣ ಎಂದಳು. ಒಪ್ಪಿದ. ಈ ಸಲದ ಗೊಬ್ಬರ ಜರಡಿ ಹಿಡಿದು ಮುಗಿಸಿದರೆ ತಾನು ಸಿದ್ಧ ಎಂದ.

*

ಶನಿವಾರ ಮಧ್ಯಾಹ್ನ ಗಾಳಿ ಪಶ್ಚಿಮದಿಂದ ಬೀಸತೊಡಗಿತ್ತು. ಶಿವಲೀಲಾ ನಿಯಂತ್ರಣ ಕೊಠಡಿಯಲ್ಲಿದ್ದಳು. ಮೂಲೆಯ ಕೆಂಪು ದೀಪ ಮಿನುಗುವುದನ್ನು ಬಿಟ್ಟು ಒಂದೇ ಸಮನೆ ಉರಿಯತೊಡಗಿತು. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು. ಕ್ಯಾಮೆರಾದ ಪರದೆಯಲ್ಲಿ ಟ್ಯಾಂಕಿನ ಬುಡದಿಂದ ಬಿಳಿಯದೊಂದು ಹಾಸು ನೆಲದುದ್ದಕ್ಕೂ ಬಿಚ್ಚಿಕೊಳ್ಳುತ್ತಿತ್ತು.

"ಜಾಯಿಂಟ್ ಬಿಡ್ತು" ಎಂದ ಅಯ್ಯಣ್ಣ.

"ವಾಲ್ವ್ ಬಂದ್ ಮಾಡ್ರಿ."

ಅವನು ಗುಂಡಿ ಒತ್ತಿದ. "ಇಲ್ಲಿಂದ ಬಂದ್ ಆಗವಲ್ದು. ಅಲ್ಲಿಗೇ ಹೋಗಿ ಕೈಲೆ ತಿರುವಬೇಕು" ಎಂದು ಎದ್ದು ಬಾಗಿಲ ಕಡೆ ನಡೆದ. ಬರಿ ಮುಖದಲ್ಲಿ ಹೊರಟಿದ್ದ. ಶಿವಲೀಲಾ ಅಡ್ಡ ನಿಂತು, ಗಾಳಿ ಸಿಲಿಂಡರ್ ಅವನ ಬೆನ್ನಿಗೇರಿಸಿ, ಕೈಗವಸು ತೊಡಿಸಿ, ಮುಖವಾಡ ತಾನೇ ಬಿಗಿದು ಕಳಿಸಿದಳು. ಅವನು ಬಿಳಿ ಹಾಸಿನೊಳಗೆ ತೋಟಕ್ಕೆ ನೀರು ಬಿಡಲು ಹೋಗುವವನಂತೆ ನಡೆದುಹೋದ.

ಅವಳು ಸೈರನ್ ಒತ್ತಿದಳು. ಮೈಕು ಹಿಡಿದು, ಗ್ಯಾಸ್ ಸೋರಿದೆ, ಒದ್ದೆ ಬಟ್ಟೆ ಮೂಗಿಗೆ ಹಿಡಿದು ಎಲ್ಲರೂ ಕಾಲುವೆ ಏರಿಗೆ ಓಡಿ ಎಂದಳು. ಕಾಲನಿಯ ಕ್ಯಾಮೆರಾಗಳಲ್ಲಿ ನೋಡಿದಳು. ಜನ ಅಂಗಳಕ್ಕೆ ಬಂದು ಕಾರ್ಖಾನೆಯ ಕಡೆ ಕತ್ತೆತ್ತಿ ನೋಡಿದರು. ಒಬ್ಬಾಕೆ ತಂತಿಯ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಚತೊಡಗಿದಳು. ಇಬ್ಬರು ಗಂಡಸರು ಕಟ್ಟೆಯ ಮೇಲೆ ಕೂತು ಮಾತು ಮುಂದುವರಿಸಿದರು.

ಅವಳು ಮನೆಗೆ ಫೋನ್ ಮಾಡಿದಳು. "ಟ್ಯಾಂಕಿನ ಪೈಪ್ ಹೋಗೈತಿ. ತುಂಗಾನ್ನ ಎತ್ಕೊಂಡು ಏರಿಗೆ ಓಡ್ರಿ. ಈಗಿಂದೀಗ."

"ಹೌದಾ?" ಎಂದ ಪಂಪಾಪತಿ. "ಹಂಗಾದ್ರ ಹುಳ ಉಳಿಯಂಗಿಲ್ಲ. ಹಸಿ ಚೀಲ ಹೊದಿಸಿ ಬರ್ತೀನಿ."

"ಅವನ್ನ ಬಿಡ್ರಿ. ಹೊರಡದಿದ್ರ ಸಾಯ್ತೀರಿ."

"ಗೊತ್ತೈತಿ ಲೀಲಾ. ಬರ್ತೀನಿ" ಎಂದು ಫೋನಿಟ್ಟ.

ಪರದೆಯಲ್ಲಿ ಬಿಳಿ ಹಾಸು ಕಾಂಪೌಂಡು ಗೋಡೆ ಮುಟ್ಟಿ, ಗೇಟಿನಿಂದ ಹೊರಗೆ ಸುರಿಯುತ್ತಿತ್ತು. ಶಿವಲೀಲಾ ಮೈಕು ಹಿಡಿದುಕೊಂಡೇ ನಿಂತಳು. ಹೆದರಿಕೆ ಇಲ್ಲದ ಮನುಷ್ಯನನ್ನು ಓಡಿಸುವುದು ಹೇಗೆ? ಇವರಿಗೆ ಉಳಿದಿರುವುದು ಏನು? ಫರ್ಹಾನಾ ಹೇಳಿದ್ದು ನೆನಪಾಯಿತು. ನೆನಪು, ಪ್ರೀತಿ, ಆಸೆ.

ಅವಳು ಸೈರನ್ ನಿಲ್ಲಿಸಿದಳು. ಗಂಟಲು ಸರಿಮಾಡಿಕೊಂಡು, ದನಿಗೆ ಸಂಭ್ರಮ ತಂದುಕೊಂಡಳು.

"ಕಾಲನಿಯ ಎಲ್ಲಾರೂ ಕೇಳ್ರಿ. ಹೊಸ ತಳಿ ಎರೆಹುಳ ಬಂದಾವ. ಈಗಿನಕಿಂತ ಎರಡು ಪಟ್ಟು ಗೊಬ್ಬರ ಕೊಡ್ತಾವ. ಕಾಲುವಿ ಏರಿ ಮ್ಯಾಲೆ ಹಂಚಾಕತ್ತೀವಿ. ಸ್ವಲ್ಪೇ ಅದಾವ, ಮೊದಲು ಬಂದವರಿಗೆ ಮಾತ್ರ. ಮಕ್ಕಳನ್ನೂ ಕರ್ಕೊಂಡು ಬರ್ರಿ, ತಲಿಗೊಂದು ಪಾಲು ಐತಿ. ಓಡಿ ಬರ್ರಿ."

ಬಾಗಿಲುಗಳು ತೆರೆದವು. ಜನ ಬಕೆಟ್ಟು, ಬೋಗುಣಿ, ಹಾಲಿನ ಪಾತ್ರೆ ಹಿಡಿದು ಬೀದಿಗೆ ಬಿದ್ದರು. ಬಟ್ಟೆ ಮಡಚುತ್ತಿದ್ದಾಕೆ ಸೀರೆಯ ನೆರಿಗೆ ಎತ್ತಿ ಹಿಡಿದು, ಎರಡೂ ಮಕ್ಕಳ ರೆಟ್ಟೆ ಎಳೆದುಕೊಂಡು ಎಲ್ಲರಿಗಿಂತ ಮುಂದೆ ಓಡಿದಳು. ಸತ್ಯಮೂರ್ತಿಯವರ ಹೆಂಡತಿ ಮಂಡಿನೋವನ್ನೂ ಮರೆತು ಓಡಿದರು. ಯಾರೊಬ್ಬರೂ ಹಿಂದಕ್ಕೆ ತಿರುಗಿ ನೋಡಲಿಲ್ಲ. ಅವರ ಬೆನ್ನ ಹಿಂದೆ ಬೀದಿಯ ಒಂದೊಂದೇ ಮನೆ ಬಿಳುಪಿನಲ್ಲಿ ಮುಳುಗುತ್ತ ಬಂತು.

ಅಯ್ಯಣ್ಣ ವಾಲ್ವ್ ಮುಚ್ಚಿ ಬಂದ. ಕೈಗವಸಿನ ಸಂದಿನಿಂದ ಹೊಕ್ಕ ತಣ್ಣನೆಯ ದ್ರವ ಅವನ ಬೆರಳುಗಳನ್ನು ಸುಟ್ಟು ಬಿಳಿ ಮಾಡಿತ್ತು. "ಆತ್ರಿ ಮೇಡಂ" ಎಂದು ಕುರ್ಚಿಯಲ್ಲಿ ಕೂತ. ಹೆದರುವವರು ಯಾರೂ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ ಎಂದು ಶಿವಲೀಲಾಳಿಗೆ ಅನ್ನಿಸಿತು. ಅದನ್ನು ಯೋಚಿಸಲು ಅವಳಿಗೆ ಪುರುಸೊತ್ತಿರಲಿಲ್ಲ. ಮುಖವಾಡ ಹಾಕಿ ಏರಿಯ ಕಡೆ ಜೀಪು ಓಡಿಸಿದಳು.

ಏರಿಯ ಮೇಲೆ ಜನ ಪಾತ್ರೆ ಹಿಡಿದು ಸಾಲಾಗಿ ನಿಂತಿದ್ದರು. ಕೆಲವರು ಕೆಮ್ಮುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಕೆಳಗೆ ಕಾಲನಿಯ ಮಾಳಿಗೆಗಳು ಮಾತ್ರ ಬಿಳಿ ಮೋಡದ ಮೇಲೆ ತೇಲುತ್ತಿದ್ದವು. "ಹತ್ತಿ ಹಾಸಿದಂಗ ಕಾಣ್ತೈತಿ" ಎಂದು ಯಾರೋ ಮೆಚ್ಚಿಕೊಂಡರು. ಹುಳು ಎಲ್ಲಿ ಎಂದು ಕೇಳಿದವರಿಗೆ ಅವಳು, ಗಾಡಿ ಬರುತ್ತಿದೆ, ಜಾಗ ಬಿಟ್ಟು ಕದಲಬೇಡಿ, ಕದಲಿದರೆ ಪಾಲು ತಪ್ಪುತ್ತದೆ ಎಂದಳು. ಅವರು ಕದಲಲಿಲ್ಲ.

ಸಾಲಿನ ನಡುವೆ ಪಕ್ಕದ ಮನೆಯ ಈರಮ್ಮನ ಕೈ ಹಿಡಿದು ತುಂಗಾ ನಿಂತಿದ್ದಳು. ಇನ್ನೊಂದು ಕೈಯಲ್ಲಿ ಸ್ಟೀಲಿನ ಬಟ್ಟಲು.

"ಅಪ್ಪ ಎಲ್ಲಿ?"

"ಚೀಲ ತೊಯಿಸಿ ಬರ್ತೀನಿ, ನೀ ಹೋಗು ಅಂದ" ಎಂದಳು ತುಂಗಾ.

ಶಿವಲೀಲಾ ಸಾಲನ್ನು ಕೊನೆಯವರೆಗೆ ನೋಡಿದಳು. ಮತ್ತೆ ಮೊದಲಿಂದ ನೋಡಿದಳು. ಸೈರನ್ನಿಗೆ ಕದಲದ ಕಾಲನಿಯವರಿಗೆಲ್ಲ ಅವಳು ಸುಳ್ಳು ಹೇಳಿದ್ದಳು. ತನ್ನ ಗಂಡನಿಗೆ ಫೋನಿನಲ್ಲಿ ಬರೀ ನಿಜ ಹೇಳಿದ್ದಳು. ಮೈಕಿನಲ್ಲಿ ಬಂದದ್ದು ಸುಳ್ಳೆಂದು ಗುರುತಿಸಬಲ್ಲವನು ಕಾಲನಿಯಲ್ಲಿ ಅವನೊಬ್ಬನೇ.

ಗಾಳಿ ಮೋಡವನ್ನು ಚದುರಿಸಿದ ಮೇಲೆ ಅವನು ಬೇವಿನ ಬುಡದಲ್ಲಿ ಸಿಕ್ಕ. ಡ್ರಮ್ಮಿಗೆ ಹಸಿ ಗೋಣಿಚೀಲಗಳನ್ನು ಒಂದರ ಮೇಲೊಂದು ಹೊದಿಸಿ, ಅಂಚನ್ನೆಲ್ಲ ಅಚ್ಚುಕಟ್ಟಾಗಿ ಒಳಗೆ ಸಿಕ್ಕಿಸಿದ್ದ. ಒಳಗೆ ಹುಳುಗಳು ಜೀವಂತವಾಗಿದ್ದವು.

*

ಸತ್ತವರು ಇನ್ನೂ ಕೆಲವರಿದ್ದರು. ಅಂತ್ಯಕ್ರಿಯೆಗಳು ಸದ್ದಿಲ್ಲದೆ ಮುಗಿದವು. ಜನ ಅತ್ತರು, ಆದರೆ ಯಾರ ಮುಖದಲ್ಲೂ ಮುಂದೇನು ಎಂಬ ಗಾಬರಿ ಇರಲಿಲ್ಲ. ತುಂಗಾ ಅಪ್ಪನ ಕಾಲಿಗೆ ಹೂವಿಟ್ಟು, "ಅಪ್ಪ ಸತ್ತ" ಎಂದು ಬಂದವರಿಗೆಲ್ಲ ತಾನೇ ಹೇಳಿದಳು. ಕಾರ್ಖಾನೆಗೆ ಬೀಗ ಬಿತ್ತು, ವಿಚಾರಣೆ ಶುರುವಾಯಿತು. ಶಿವಲೀಲಾ ಮಗಳನ್ನು ಕರೆದುಕೊಂಡು ಗಂಗಾವತಿಗೆ ಬಂದಳು.

ಅಲ್ಲಿಗೆ ಫರ್ಹಾನಾಳ ಫೋನ್ ಬಂತು. ಕರಿಗುಡ್ಡದ ತೋಟಗಳ ನೀರು ಇಷ್ಟು ದಿನ ಕಾಲುವೆಗೇ ಇಳಿದಿತ್ತು. ಕೆಳಗಿನ ಊರುಗಳ ಗದ್ದೆಯ ಕೆಸರಿನಲ್ಲಿ ಅದೇ ಬ್ಯಾಕ್ಟೀರಿಯಾ ಕಂಡಿದೆ. ಎಲ್ಲಿಯವರೆಗೆ ಹೋಗಿದೆಯೋ ಗೊತ್ತಿಲ್ಲ. ನಾಟಿ ಮಾಡುವ ಹೆಂಗಸರು ಹಾವು ಹರಿದರೂ ಸಾಲು ಬಿಟ್ಟು ಏಳುವುದಿಲ್ಲವಂತೆ. "ಗುಳಿಗಿ ಎಷ್ಟು ಮಂದಿಗಿ ಕೊಡಾಕಾಗ್ತೈತಿ ಲೀಲಾ?" ಎಂದಳು. "ಮೊದಲು ನಿನ್ನ ಮಗಳನ್ನ ನೋಡ್ಕೊ. ಒಂದಿನನೂ ತಪ್ಪಿಸಬ್ಯಾಡ."

ಒಂದು ಸಂಜೆ ಕರೆಂಟು ಹೋಯಿತು. ಅಕ್ಕ ದೀಪ ಹುಡುಕುತ್ತಿದ್ದಳು. ಒಳಕೋಣೆಯಿಂದ ತುಂಗಾ ಚೀರಿದಳು. ಶಿವಲೀಲಾ ಓಡಿ ಹೋಗಿ ತಡಕಾಡಿ ಹಿಡಿದುಕೊಂಡರೆ ಮಗುವಿನ ಮೈಯೆಲ್ಲ ತಣ್ಣಗೆ ಬೆವೆತು ನಡುಗುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು.

"ಅಮ್ಮ, ಅಪ್ಪಗ ಉಸಿರಾಡಾಕ ಬರ್ಲಿಲ್ಲೇನು?"

ಶಿವಲೀಲಾ ಅವಳನ್ನು ಎದೆಗೊತ್ತಿಕೊಂಡಳು.

"ನಾನು ಕೈ ಹಿಡದು ಎಳೀಬೇಕಿತ್ತು. ಬಟ್ಟಲ ತಗೊಂಡು ಹೋಗಿಬಿಟ್ಟೆ." ಮಗು ಅವಳ ಸೀರೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಿತ್ತು. "ಕತ್ತಲ್ಯಾಗ ಬಿಳೇದು ಬರಾಕತ್ತೈತಿ. ನೀನೂ ಸಾಯ್ತಿ. ನಾನೂ ಸಾಯ್ತೀನಿ."

ದೀಪ ಬಂದ ಮೇಲೂ ನಡುಕ ನಿಲ್ಲಲಿಲ್ಲ. ಹಾಲು ಕುಡಿಸಿದರೆ ಕಾರಿಕೊಂಡಳು. ಅತ್ತು ಅತ್ತು ನಿದ್ದೆ ಹೋದವಳು ನಿದ್ದೆಯಲ್ಲೂ ಬಿಕ್ಕಿದಳು. ಕರಿಗುಡ್ಡದಲ್ಲಿ ಬಾರದೇ ಉಳಿದಿದ್ದ ಭಯವೆಲ್ಲ ಒಟ್ಟಿಗೆ ಬಂದು ಆ ಪುಟ್ಟ ಮೈಯಲ್ಲಿ ಕೂತಿತ್ತು.

ಬೆಳಿಗ್ಗೆ ಶಿವಲೀಲಾ ಬಾಳೆಹಣ್ಣಿನ ಚೂರಿನಲ್ಲಿ ಗುಳಿಗೆ ಇಟ್ಟು ತಂದಳು. ತುಂಗಾ ಗೋಡೆಗೆ ಒತ್ತಿಕೊಂಡು ಕೂತಿದ್ದಳು. ಕಣ್ಣು ಊದಿದ್ದವು. ತಾಯಿಯ ಕೈಯನ್ನು ನೋಡಿ ತಲೆ ಅಲ್ಲಾಡಿಸಿದಳು.

"ಅದನ್ನ ತಗೊಂಡಿದ್ದಕ್ಕ ಹಿಂಗಾಗೈತಿ. ನನಗ ಗೊತ್ತೈತಿ" ಎಂದಳು. "ಮೊದಲಿನಂಗ ಇರ್ತೀನಮ್ಮ. ಅದು ನನಗ ಬ್ಯಾಡ."

"ತಗೋಬೇಕವ್ವ."

"ನನಗ ಭಾಳ ಅಂಜಿಕಿ ಆಗ್ತೈತಿ" ಎಂದು ಮಗು ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತು.

ಅಕ್ಕ ಬಾಗಿಲಲ್ಲಿ ನಿಂತು, "ಇವತ್ತೊಂದಿನ ಬಿಡ ಲೀಲಾ, ಕೂಸು ಎಷ್ಟು ಸಂಕಟಪಡಾಕತ್ತೈತಿ" ಎಂದಳು. ಅಕ್ಕನ ಸೆರಗಿನ ತುದಿಯಲ್ಲಿ ಹಿತ್ತಲಿನ ಮಣ್ಣು ಹತ್ತಿತ್ತು. ಆ ಹಿತ್ತಲಿಗೆ ಬರುವುದು ಕಾಲುವೆಯ ನೀರು.

ಶಿವಲೀಲಾ ಮಗಳ ಎದುರು ಮಂಡಿಯೂರಿದಳು. ಎಡಗೈಯಿಂದ ಅವಳ ಎರಡೂ ಕೈಗಳನ್ನು ಸೇರಿಸಿ ಹಿಡಿದಳು. ಬಲಗೈಯಿಂದ ದವಡೆ ಒತ್ತಿ ಬಾಯಿ ತೆರೆಸಿ, ಗುಳಿಗೆಯನ್ನು ನಾಲಿಗೆಯ ಹಿಂದಕ್ಕೆ ತಳ್ಳಿ, ಅದು ಗಂಟಲಲ್ಲಿ ಇಳಿಯುವವರೆಗೆ ಬಾಯಿ ಮುಚ್ಚಿ ಹಿಡಿದುಕೊಂಡಳು.